ಹೊಗೆ ಇಳಿದ ದಾರಿ

ಪಾಂಡುರಂಗ ಮಾಸ್ತರು ಸತ್ತ ಬೆಳಿಗ್ಗೆ ಮಿಶ್ರಿಕೋಟಿಯ ಊರೊಳಗೆ ಮಂಜೇ ಇರಲಿಲ್ಲ. ಸಂಕ್ರಾಂತಿ ಮುಗಿದು ಸ್ವಲ್ಪ ದಿನವಾಗಿತ್ತು. ಎಳೆಬಿಸಿಲು ಮಾಳಿಗೆಗಳ ಮೇಲೆ ಹಳದಿಯಾಗಿ ಬಿದ್ದಿತ್ತು. ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ಸಂಪದಾಳ ಬಳಿ ಯಾರೋ ಓಡಿಬಂದು, ಹಳ್ಳದ ತಗ್ಗಿನಲ್ಲಿ ಮಂಜು ಕವಿದು ಅಪಘಾತವಾಗಿದೆ, ಮಾಸ್ತರ ಗಾಡಿ ಅಂತ ಕಾಣುತ್ತದೆ ಎಂದಾಗ ಆಕೆ ಮೊದಲು ತಲೆಯೆತ್ತಿ ಆಕಾಶ ನೋಡಿದಳು. ಆಕಾಶ ತೊಳೆದಿಟ್ಟ ಹಾಗಿತ್ತು. ಇವರು ಯಾವುದೋ ಬೇರೆ ಊರಿನ ಮಾತು ಹೇಳುತ್ತಿದ್ದಾರೆ ಎಂದುಕೊಂಡೇ ಚಪ್ಪಲಿ ಹುಡುಕಿದಳು.

ಪಾಂಡುರಂಗ ಕಲಘಟಗಿಯ ಆಚೆಗಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ. ಜನವರಿ ಬಂತೆಂದರೆ ಹತ್ತನೆಯ ತರಗತಿಯವರಿಗೆ ಬೆಳಗಿನ ವಿಶೇಷ ಪಾಠ. ಕತ್ತಲು ಹರಿಯುವ ಮೊದಲೇ ಎದ್ದು, ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿಕೊಂಡು ಮೋಟರ್ ಸೈಕಲ್ ಏರುತ್ತಿದ್ದ. ಸಂಪದಾ ಕಲಘಟಗಿಯ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಆಕೆಯದು ಆಮೇಲಿನ ಬಸ್ಸು. ಮನೆಯಲ್ಲಿ ಇವರಿಬ್ಬರು ಮತ್ತು ಪಾಂಡುರಂಗನ ತಾಯಿ ತುಳಸಾಬಾಯಿ, ಅಷ್ಟೇ ಮಂದಿ. ಅವತ್ತು ಹೊರಡುವಾಗ ಅವನು ಚಹಾ ಅರ್ಧ ಬಿಟ್ಟು ಹೋಗಿದ್ದ. ಪ್ರತಿದಿನವೂ ಹಾಗೆಯೇ ಬಿಡುತ್ತಿದ್ದ.

ಊರು ದಾಟಿದ ಮೇಲೆ ರಸ್ತೆ ಸ್ವಲ್ಪ ದೂರ ಮಟ್ಟಸವಾಗಿ ಓಡಿ, ಆಮೇಲೆ ಹಳ್ಳದ ಸೇತುವೆಯ ಕಡೆಗೆ ಇಳಿಯುತ್ತದೆ. ಸೇತುವೆ ದಾಟಿದರೆ ಮತ್ತೆ ಏರು. ಆ ತಗ್ಗಿನಲ್ಲಿ ಹುಬ್ಬಳ್ಳಿಯಿಂದ ಬ್ರೆಡ್ಡು, ಟೋಸ್ಟು ತುಂಬಿಕೊಂಡು ಕಲಘಟಗಿಯ ಅಂಗಡಿಗಳಿಗೆ ಹೊರಟಿದ್ದ ರಮಜಾನ್‌ನ ಟೆಂಪೊ ನಿಂತುಬಿಟ್ಟಿತ್ತು. ಮುಂದೆ ಏನೂ ಕಾಣದೆ, ಹಿಂದೆ ಸರಿಯಲೂ ಧೈರ್ಯ ಸಾಲದೆ ಅವನು ಬ್ರೇಕ್ ಒತ್ತಿಕೊಂಡು ಕೂತಿದ್ದ. ಹಿಂದಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಅದು ಪಾಂಡುರಂಗನಿಗೆ ಕಂಡದ್ದು ತೀರ ಕೈಯಳತೆಗೆ ಬಂದಾಗ.

ಪೊಲೀಸರು ದಟ್ಟ ಮಂಜು ಎಂದು ಬರೆದುಕೊಂಡರು. ರಮಜಾನ್‌ನನ್ನು ಠಾಣೆಯಲ್ಲಿ ಕೂರಿಸಿ, ಕೇಳಿ, ಬಿಟ್ಟುಕಳಿಸಿದರು. ನಿಂತ ಗಾಡಿಗೆ ಬಂದು ಬಡಿದದ್ದಕ್ಕೆ ಯಾರನ್ನು ಏನು ಮಾಡಲಾಗುತ್ತದೆ? ಮಾತಾಡಿಸಲು ಬಂದವರೆಲ್ಲ ಹಣೆಬರಹ ಎಂದರು. ಹಾಗೆಂದವರಲ್ಲಿ ಸಂಪದಾಳ ಕಾಲೇಜಿನವರೂ ಇದ್ದರು.

ಸಾವಿನ ಮನೆಗೆ ಬಂದವರಲ್ಲಿ ಹೊಳೆಪ್ಪನೂ ಒಬ್ಬ. ಅರವತ್ತರ ಆಸುಪಾಸಿನ ರೈತ. ಹಳ್ಳದ ಮೇಲಿನ ಏರಿನಲ್ಲಿ ಅವನ ಹೊಲ. ಅವತ್ತು ಬೆಳಿಗ್ಗೆ ಹೊಲದಲ್ಲೇ ಇದ್ದು, ಸಪ್ಪಳ ಕೇಳಿ ಕೆಳಗೆ ಓಡಿ, ಮೊದಲು ತಲುಪಿದವನು ಅವನೇ. ಮಾಸ್ತರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದನಂತೆ. ಐದನೆಯ ದಿನ ಬಂದು, ಒಳಗೆ ಕರೆದರೂ ಬರದೆ, ಕಟ್ಟೆಯ ತುದಿಗೆ ಕೂತು ತುಳಸಾಬಾಯಿಗೆ ಹೇಳಿದ:

"ಒಂದ ಪೆಟ್ಟಿಗೆ ಹೋದ್ರು ಬಾಯಾರ. ನಾ ಹೋಗೂದ್ರಾಗ ಎಲ್ಲಾ ಮುಗದಿತ್ತು. ಏನೂ ತ್ರಾಸ ಪಡಲಿಲ್ಲ ನಿಮ್ಮ ಮಗ."

ಅದನ್ನು ಕೇಳಿದ ಮೇಲೆಯೇ ತುಳಸಾಬಾಯಿ ಒಂದು ತುತ್ತು ಅನ್ನ ಉಂಡದ್ದು. ಆಮೇಲೆ ಬಂದ ಪ್ರತಿಯೊಬ್ಬರಿಗೂ ಆಕೆ ಅದೇ ಮಾತನ್ನು ಹೇಳುತ್ತಿದ್ದಳು, ತ್ರಾಸ ಪಡಲಿಲ್ಲಂತ, ಒಂದೇ ಪೆಟ್ಟಂತ, ಹೊಳೆಪ್ಪ ಕಣ್ಣಾರೆ ನೋಡಿದಾನಂತ. ಹೊಳೆಪ್ಪನ ಹೆಂಡತಿ ರೇವವ್ವ ಆ ದಿನಗಳಲ್ಲಿ ಎರಡೂ ಹೊತ್ತು ಹಾಲು ತಂದುಕೊಟ್ಟಳು. ಹಿತ್ತಲ ಬಾಗಿಲಲ್ಲಿ ಇಟ್ಟು, ಮಾತಾಡದೆ ಸಂಪದಾಳ ಮೊಣಕೈ ಹಿಡಿದು ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದಳು. ಬಂಧುಬಳಗದವರ ಸಮಾಧಾನಕ್ಕಿಂತ ಆ ಹಿಡಿತವೇ ಸಂಪದಾಳಿಗೆ ಬೇಕಾಗಿತ್ತು.

ಹದಿಮೂರು ದಿನ ಕಳೆದು ನೆಂಟರೆಲ್ಲ ಹೋದ ಮೇಲೆ ಆಕೆ ಆಸ್ಪತ್ರೆಯಿಂದ ಕೊಟ್ಟಿದ್ದ ಗಂಟನ್ನು ಬಿಚ್ಚಿದಳು. ಬೂಟು, ಬೆಲ್ಟು, ಕನ್ನಡಕದ ಕಡ್ಡಿ, ಕತ್ತರಿಸಿ ತೆಗೆದ ಸ್ವೆಟರ್. ಸ್ವೆಟರನ್ನು ಮುಖಕ್ಕೆ ಒತ್ತಿಕೊಂಡಳು. ಅವನ ವಾಸನೆಗಾಗಿ ಒತ್ತಿಕೊಂಡಿದ್ದಳು. ಬಂದದ್ದು ಸುಟ್ಟ ಎಲೆಯ ವಾಸನೆ, ಗಂಟಲು ಕೆರೆಯುವಂಥದ್ದು. ರಕ್ತ ಒಣಗಿ ಗಟ್ಟಿಯಾದ ಕಡೆಯಲ್ಲೂ ಅದೇ, ತೋಳಿನಲ್ಲೂ ಅದೇ. ಆಕೆ ಸ್ವೆಟರನ್ನು ಕೆಳಗಿಟ್ಟು ಬಹಳ ಹೊತ್ತು ಅದನ್ನೇ ನೋಡುತ್ತ ಕೂತಳು. ಅವನೇನು ಬೀಡಿ ಸಿಗರೇಟು ಸೇದುವವನಲ್ಲ. ಮನೆಯಲ್ಲಿ ಗ್ಯಾಸಿನ ಒಲೆ.

ಆ ವಾರವೇ ರಮಜಾನ್ ಬಂದ. ಗೇಟಿನ ಹೊರಗೇ ಕೈಮುಗಿದು ನಿಂತುಬಿಟ್ಟ. ತುಳಸಾಬಾಯಿ ಅವನ ಮುಖ ನೋಡಲಾರೆನೆಂದು ಒಳಗೆ ಹೋದಳು. ಸಂಪದಾ ಹೊರಗೆ ಬಂದು, ನಿಮ್ಮ ತಪ್ಪಲ್ಲ, ಹೋಗಿ ಬನ್ನಿ ಎಂದಳು. ಅವನು ಹೋಗಲಿಲ್ಲ. ಅವತ್ತು ಆದದ್ದನ್ನು ಯಾರಿಗಾದರೂ ಪೂರ್ತಿ ಹೇಳಿ ಮುಗಿಸಬೇಕು ಎನ್ನುವ ಹಾಗೆ ಒಂದೊಂದೇ ಹೇಳತೊಡಗಿದ. ಅದರಲ್ಲೊಂದು ಮಾತು ಆಕೆಯನ್ನು ಹಿಡಿದು ನಿಲ್ಲಿಸಿತು.

"ಮಂಜಿನ್ಯಾಗ ಭಾಳ ವರ್ಷ ಗಾಡಿ ಹೊಡದೇನ್ರಿ ಅಕ್ಕಾರ. ಮಂಜು ಕಣ್ಣಿಗೆ ತಂಪ ಇರತೈತಿ. ಅವತ್ತ ಕಣ್ಣ ಉರೀತಿದ್ವು. ಗ್ಲಾಸ್ ಏರಿಸಿದ್ರೂ ಕೆಮ್ಮು ಬರತಿತ್ತು."

ಅವನು ಹೋದ ಮೇಲೆ ಸಂಪದಾ ಅಡುಗೆಮನೆಗೆ ಬಂದು ನೀರು ಕುಡಿದಳು. ಹದಿನಾಲ್ಕು ವರ್ಷದಿಂದ ಆಕೆ ಪ್ರತಿ ಚಳಿಗಾಲದಲ್ಲೂ ಮಕ್ಕಳಿಗೆ ಹೇಳಿಕೊಡುತ್ತಿದ್ದ ಪಾಠ ಅದು. ಹಗಲು ಸೂರ್ಯ ನೆಲವನ್ನು ಕಾಯಿಸುತ್ತಾನೆ, ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ, ಬಿಸಿಗಾಳಿ ಮೇಲೇಳುತ್ತದೆ. ಮೋಡವಿಲ್ಲದ ಚಳಿಯ ರಾತ್ರಿ ಇದು ತಿರುವುಮುರುವು. ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ಅಲ್ಲೇ ಕೂರುತ್ತದೆ. ಅದರ ಮೇಲಿನ ಗಾಳಿ ಇನ್ನೂ ಬೆಚ್ಚಗೆ. ಬೆಚ್ಚಗಿನ ಗಾಳಿ ಪಾತ್ರೆಯ ಮುಚ್ಚಳದ ಹಾಗೆ. ಕೆಳಗಿನದು ಅದನ್ನು ದಾಟಿ ಮೇಲೆ ಹೋಗಲಾರದು. ಅಲ್ಲಿಯ ತೇವ, ಧೂಳು, ಹೊಗೆ ಎಲ್ಲ ಅಲ್ಲಿಯೇ. ಪುಸ್ತಕ ಇದನ್ನು ಉಷ್ಣತೆಯ ವಿಲೋಮ ಎನ್ನುತ್ತದೆ. ಏರಿಳಿತದ ನೆಲವಿದ್ದರೆ ಆ ತಣ್ಣನೆಯ ಗಾಳಿ ನೀರಿನ ಹಾಗೆಯೇ ಇಳಿಜಾರು ಹುಡುಕಿಕೊಂಡು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹೊಗೆಯ ಕಣವೊಂದೊಂದಕ್ಕೂ ತೇವ ಅಂಟಿಕೊಂಡರೆ ಆಗುವ ಮಂಜು ಬರೀ ಮಂಜಿಗಿಂತ ಎಷ್ಟೋ ದಟ್ಟ. ಪರೀಕ್ಷೆಗೆ ಇದು ಎರಡು ಅಂಕದ ಪ್ರಶ್ನೆ. ಬೋರ್ಡಿನ ಮೇಲೆ ಒಂದು ಗುಡ್ಡ, ಒಂದು ತಗ್ಗು, ಬಾಣದ ಗುರುತು ಬರೆದು ತೋರಿಸುತ್ತಿದ್ದಳು.

ಹಾಗಾದರೆ ಅವತ್ತಿನ ಹೊಗೆ ಎಲ್ಲಿಯದು?

ಕಾಲೇಜಿಗೆ ಮರಳಿದ ಮೇಲೆ ಆಕೆ ಪ್ರಯೋಗಾಲಯದಿಂದ ಎರಡು ಥರ್ಮಾಮೀಟರ್ ಕೇಳಿ ತಂದಳು. ಸಂಜೆ ಬಸ್ಸಿನಿಂದ ಸೇತುವೆಯ ಬಳಿಯೇ ಇಳಿದಳು. ಒಂದನ್ನು ಕಾಲಿನ ಮಟ್ಟಕ್ಕೆ, ಇನ್ನೊಂದನ್ನು ಬಿದಿರಿನ ಗಳದ ತುದಿಗೆ ಕಟ್ಟಿ ನಿಂತಳು. ಹೊತ್ತು ಮುಳುಗುವ ತನಕ ಎರಡೂ ಹೆಚ್ಚುಕಡಿಮೆ ಒಂದೇ ತೋರಿಸಿದವು. ಹೊತ್ತು ಮುಳುಗಿ ಗಾಳಿ ಬಿದ್ದುಹೋದದ್ದೇ ಕೆಳಗಿನದು ಇಳಿಯತೊಡಗಿತು. ಗಳದ ತುದಿಯದು ತಡೆದು ನಿಂತಿತು. ಆಕೆ ನಾಲ್ಕಾರು ಊದಿನಕಡ್ಡಿ ಹಚ್ಚಿ ಹಿಡಿದಳು. ಹೊಗೆ ಗೇಣುದ್ದ ಮೇಲೆದ್ದು, ಬಾಗಿ, ಮಲಗಿ, ಹಳ್ಳದ ಮೇಲ್ಗಡೆಯಿಂದ ರಸ್ತೆಯ ಕಡೆಗೆ ಮೆಲ್ಲಗೆ ಸರಿಯಿತು. ಬಿಟ್ಟು ಬಿಟ್ಟು ಒಂದು ವಾರ ಹೋಗಿ ನೋಡಿದಳು. ಪ್ರತಿ ಸಲವೂ ಅದೇ ದಾರಿ. ರಸ್ತೆಯಲ್ಲಿ ಹೋಗುವವರು, ಗಂಡ ಸತ್ತ ಜಾಗದಲ್ಲಿ ಊದಿನಕಡ್ಡಿ ಹಚ್ಚುತ್ತಿದ್ದಾಳೆ ಪಾಪ, ಎಂದು ಗಾಡಿ ನಿಧಾನಿಸಿ ಮುಂದೆ ಹೋಗುತ್ತಿದ್ದರು.

ಒಂದು ಭಾನುವಾರ ಮುಂಜಾನೆ ಆ ದಾರಿಯನ್ನು ಹಿಮ್ಮುಖವಾಗಿ ಹಿಡಿದು ಹಳ್ಳದ ದಂಡೆಯಲ್ಲಿ ಮೇಲಕ್ಕೆ ನಡೆದಳು. ಮೊದಲು ಭತ್ತ ಕೊಯ್ದು ಬಿಟ್ಟ ಗದ್ದೆ, ಅದರ ಮೇಲೆ ಕಡಲೆ, ಅದರ ಮೇಲೆ ಗೋವಿನಜೋಳದ ದಂಟು ಒಟ್ಟಿದ ಹೊಲ. ಬೆಂಕಿ ಕಂಡ ನೆಲ ಎಲ್ಲೂ ಇಲ್ಲ. ಆಮೇಲೆ ಕಬ್ಬಿನ ಹೊಲ. ಕಬ್ಬು ಕಡಿದು ಸಾಗಿಸಿ, ಉಳಿದ ಒಣ ಎಲೆಯ ರವದಿಯನ್ನೆಲ್ಲ ಸುಟ್ಟಿದ್ದರು. ಕರಿ ಬೂದಿಯ ನಡುವೆ, ಕಡಿದ ಬುಡದಿಂದ, ಕೂಳೆಯ ಹಸಿರು ಚಿಗುರು ಸಾಲು ಹಿಡಿದು ಎದ್ದಿತ್ತು. ಬದುವಿನ ಮೇಲೆ ರೇವವ್ವ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದಳು. ಸಂಪದಾಳನ್ನು ಕಂಡು ಕುಡುಗೋಲು ಕೆಳಗಿಟ್ಟು, ಬಿಸಿಲಿನಲ್ಲಿ ಇಷ್ಟು ದೂರ ಯಾಕೆ ನಡೆದು ಬಂದಿರಿ ಎಂದು ಕೇಳಿದಳು. ಸಂಪದಾ ಸುಮ್ಮನೆ ತಿರುಗಾಡಲು ಬಂದೆ ಎಂದಳು. ರವದಿ ಯಾವಾಗ ಸುಟ್ಟಿರಿ ಎಂದು ಕೇಳಿದ್ದಕ್ಕೆ ರೇವವ್ವ ಯಾವ ಎಗ್ಗೂ ಇಲ್ಲದೆ, ಮಾಸ್ತರು ಹೋದ ಹಿಂದಿನ ದಿನ ಸಂಜೆ ಎಂದಳು. ಅದಕ್ಕೇ ಮರುದಿನ ಬೆಳಿಗ್ಗೆ ಇವರು ಹೊಲದಲ್ಲಿ ಇದ್ದದ್ದು, ಕಿಡಿ ಉಳಿದಿದೆಯೇನೋ ನೋಡಲು ಬಂದಿದ್ದರು, ಅದಕ್ಕೇ ಬೇಗ ಓಡಿ ತಲುಪಿದರು ಎಂದಳು.

ಇದು ಗೊತ್ತಾದ ಮೇಲೆ ಸಂಪದಾ ಬಹಳ ದಿನ ಬಾಯಿ ಬಿಡಲಿಲ್ಲ. ಹಾಲು ಬರುತ್ತಲೇ ಇತ್ತು. ರೇವವ್ವ ಮೊಣಕೈ ಹಿಡಿಯಲು ಬಂದರೆ ಮಾತ್ರ ಆಕೆ ಪಾತ್ರೆ ತೊಳೆಯುವ ನೆಪ ಮಾಡುತ್ತಿದ್ದಳು. ಯಾರ ಮೇಲೂ ಸಿಟ್ಟು ಮಾಡಲು ಆಗದೆ ವಾರಗಟ್ಟಲೆ ಹೆಣದ ಹಾಗೆ ಬಿದ್ದಿದ್ದ ಮನಸ್ಸಿಗೆ ಈಗ ಹಿಡಿಯಲು ಒಂದು ಕೊರಳು ಸಿಕ್ಕಂತಾಗಿತ್ತು. ಅದು ಆ ಮನುಷ್ಯನ ಕೊರಳೇ ಆಗಿರಬೇಕೆ ಎಂದು ಆಕೆಗೆ ಸಂಕಟ.

ಕೊನೆಗೊಂದು ಸಂಜೆ ಹೊಲಕ್ಕೇ ಹೋದಳು. ಹೊಳೆಪ್ಪ ಕೂಳೆಗೆ ನೀರು ತಿರುಗಿಸುತ್ತಿದ್ದ. ಗುದ್ದಲಿ ಊರಿ ನಿಂತು, ಬರ್ರಿ ಅಕ್ಕಾರ ಎಂದ. ಆಕೆ ಸುತ್ತು ಬಳಸದೆ, ರವದಿಯನ್ನು ಸಂಜೆ ಹೊತ್ತು ಯಾಕೆ ಸುಡುತ್ತೀರಿ ಎಂದು ಕೇಳಿದಳು. ಅವನು ವಿವರವಾಗಿ ಹೇಳಿದ. ಎರಡು ವರ್ಷದ ಹಿಂದೆ ನಡುಮಧ್ಯಾಹ್ನ ಹಚ್ಚಿದ್ದನಂತೆ. ಎಲ್ಲಿಂದಲೋ ಗಾಳಿ ಎದ್ದು, ಬೆಂಕಿ ಬದು ಹಾರಿ, ಪಕ್ಕದ ಈರೇಶನ ನಿಂತ ಕಬ್ಬು ಸುಟ್ಟುಹೋಯಿತು. ಅವತ್ತೇ ಆಣೆ ಮಾಡಿದೆ, ಗಾಳಿ ಪೂರಾ ಬಿದ್ದ ಮೇಲೆಯೇ ಬೆಂಕಿ ಹಚ್ಚುವುದು ಅಂತ. ಸಂಜೆ ಎಲೆ ಕೂಡ ಅಲುಗುವುದಿಲ್ಲ. ನೀರಿನ ಪೈಪು ಬಾಜೂಕ್ಕೆ ಇಟ್ಟುಕೊಂಡು, ಉರಿ ಆರುವ ತನಕ ಇಲ್ಲೇ ಕೂತಿರುತ್ತೇನೆ. ಒಬ್ಬರಿಗೂ ನನ್ನ ಕಡೆಯಿಂದ ಕೇಡಾಗಬಾರದು ನೋಡಿ, ಎಂದ.

ಸಂಪದಾಳಿಗೆ ಅಲ್ಲಿಂದ ತಿರುಗಿ ಹೋಗಿಬಿಡಬೇಕೆನಿಸಿತು. ಹೋಗಲಿಲ್ಲ.

"ಕಾಕಾ, ಅವತ್ತ ರಸ್ತೆದಾಗ ಇದ್ದದ್ದು ಬರೇ ಮಂಜ ಅಲ್ರಿ," ಎಂದಳು. "ನಿಮ್ಮ ಹೊಲದ ಹೊಗಿ ಇತ್ತು."

ಹೊಳೆಪ್ಪ ಮೊದಲು ನಕ್ಕ. ಆಕೆಯ ದುಃಖ ತಲೆಗೇರಿದೆ ಎಂದುಕೊಂಡು ಮೃದುವಾಗಿಯೇ ನಕ್ಕ. "ಹೊಗಿ ಮ್ಯಾಲ ಹೋಗೂದಲ್ರಿ? ರಸ್ತೆ ಎಲ್ಲಿ, ನನ್ನ ಹೊಲ ಎಲ್ಲಿ."

ಆಕೆ ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದಳು. ನೆಲ ತಣ್ಣಗಾಗುವುದು, ಗಾಳಿ ಭಾರವಾಗುವುದು, ಮುಚ್ಚಳ ಬೀಳುವುದು. ಗಾಳಿ ಬಿದ್ದುಹೋಗಿದ್ದೇ ಕಾರಣ ಎಂದಳು. ಯಾವ ನಿಶ್ಚಲ ಗಾಳಿಯನ್ನು ನಂಬಿ ನೀವು ಬೆಂಕಿ ಹಚ್ಚಿದಿರೋ, ಅದೇ ಹೊಗೆಯನ್ನು ಮೇಲೆ ಹೋಗಗೊಡದೆ ರಾತ್ರಿಯಿಡೀ ಕೆಳಗೆ ಇಳಿಸಿತು ಎಂದಳು. ಅವನ ಮುಖದ ನಗೆ ಹೋಗಿತ್ತು. ಕೇಳುತ್ತ ಕೇಳುತ್ತ ಅವನು ಹಳ್ಳದ ಕಡೆ ನೋಡತೊಡಗಿದ.

"ತೋರಸ್ರಿ," ಎಂದ.

ಹೊತ್ತು ಆಗಲೇ ಮುಳುಗಿತ್ತು. ಅವನೇ ಬದುವಿನ ಮೇಲೆ ಉಳಿದಿದ್ದ ರವದಿಯನ್ನು ಎರಡು ತೆಕ್ಕೆ ತಂದು ಹಾಕಿ, ಮೇಲೊಂದಿಷ್ಟು ಹಸಿಹುಲ್ಲು ಹೊದಿಸಿ ಕಡ್ಡಿ ಗೀರಿದ. ಬೆಳ್ಳನೆಯ ಹೊಗೆ ಕಂಬದ ಹಾಗೆ ನೆಟ್ಟಗೆ ಎದ್ದಿತು. ಬೇವಿನ ಗಿಡದ ನಡುಮಟ್ಟಕ್ಕೆ ಬರುತ್ತಲೇ ಅಲ್ಲಿ ಏನೋ ಅಡ್ಡ ಇದ್ದ ಹಾಗೆ ನಿಂತಿತು. ನಿಂತು, ಚಪ್ಪಟೆಯಾಗಿ, ಹಾಸಿಗೆ ಬಿಚ್ಚಿದ ಹಾಗೆ ಅಗಲವಾಯಿತು. ಉರಿ ತಗ್ಗಿದ ಮೇಲೆ ಬಂದ ಹೊಗೆ ಅಷ್ಟೂ ಏಳಲಿಲ್ಲ. ಮೊಣಕಾಲ ಮಟ್ಟದಲ್ಲಿ ಹರಡಿ, ಕಬ್ಬಿನ ಸಾಲುಗಳ ನಡುವೆ ನೀರು ಹೋಗುವ ಕಾಲುವೆ ಹಿಡಿದು, ಬದುವಿನ ತೂಬು ದಾಟಿ ಹಳ್ಳಕ್ಕೆ ಇಳಿಯಿತು. ಇಬ್ಬರೂ ಅದರ ಹಿಂದೆ ನಾಲ್ಕು ಹೆಜ್ಜೆ ಹಾಕಿದರು. ಕೆಳಗೆ ರಸ್ತೆಯಲ್ಲಿ ಒಂದು ಬಸ್ಸು ದೀಪ ಹಾಕಿಕೊಂಡು ಹೋಯಿತು. ಹೊಗೆಯ ತೆಳು ಪರದೆ ಆ ದೀಪದ ಕಡೆಗೇ ಹೋಗುತ್ತಿತ್ತು.

"ಸಾಕ್ರಿ," ಎಂದ ಹೊಳೆಪ್ಪ.

ಓಡಿಹೋಗಿ ಬೆಂಕಿಯ ಮೇಲೆ ಮಣ್ಣು ಎಳೆದ. ಕಾಲಿನಿಂದ ತುಳಿದ. ಆರಿದ ಮೇಲೂ ತುಳಿಯುತ್ತಲೇ ಇದ್ದ. ಆಮೇಲೆ ಬದುವಿನ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡ. ಕತ್ತಲಿನಲ್ಲಿ ಅವನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

"ಇದನ್ನ ನನಗ ಯಾಕ ತೋರ್ಸಿದ್ರಿ?"

"ನೀವ ತೋರಸ್ರಿ ಅಂದ್ರಲ್ಲ."

"ಹೇಳಿದ್ದ ಯಾಕ್ರಿ ಹಂಗಾದ್ರ?"

"ಮುಂದ ಮತ್ತ ಯಾರಿಗೂ ಹಿಂಗ ಆಗಬಾರದಂತ."

"ಅದಕ್ಕ, ಹೊಳೆಪ್ಪ, ಸಂಜೀಕ ಬೆಂಕಿ ಹಚ್ಚಬ್ಯಾಡ ಅಂದಿದ್ರ ಸಾಕಿತ್ತು. ನಿಮ್ಮ ಮಾತಿಗೆ ನಾ ಇಲ್ಲಾ ಅಂತಿದ್ನೇನ್ರಿ?"

ಆ ಮಾತು ನಿಜವೆಂದು ಅವನು ಹೇಳುವಾಗಲೇ ಆಕೆಗೂ ಗೊತ್ತಾಗಿತ್ತು. ಇಷ್ಟು ದಿನ ತಾನೊಬ್ಬಳೇ ಹೊತ್ತದ್ದನ್ನು ಇನ್ನೊಬ್ಬರ ತಲೆಯ ಮೇಲೆ ಇಳಿಸಬೇಕಾಗಿತ್ತು, ಅಷ್ಟೇ. ಇಳಿಸಿದ್ದಾಯಿತು. ಹಗುರವೇನೂ ಆಗಿರಲಿಲ್ಲ.

ಹೊಳೆಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೇಳಿದ. "ನೀವು ಖರೇ ಹೇಳಿದ್ರಿ. ನಾನೂ ಒಂದ ಖರೇ ಹೇಳಬೇಕಾಗೇತಿ. ಮಾಸ್ತರು ಒಂದ ಪೆಟ್ಟಿಗೆ ಹೋಗಲಿಲ್ರಿ."

ಸಂಪದಾ ಅವನ ಕಡೆ ತಿರುಗಿದಳು.

"ಭಾಳ ಹೊತ್ತ ಜೀವ ಇತ್ತು. ನಿಮಗ ಹೇಳಬ್ಯಾಡ ಅಂತ ಟೆಂಪೊದವಗೂ ನಾನ ಹೇಳಿದ್ದೆ. ಫೋನ್ ಮಾಡಿದ್ವಿ, ಆಂಬ್ಯುಲೆನ್ಸ್ ಬಂತು. ದಾರಿ ಕಾಣವಲ್ದಂತ ಮ್ಯಾಲ ಏರಿನ್ಯಾಗ ನಿಂತು ಹಾರ್ನ್ ಹೊಡ್ಯಾಕತ್ತಿತ್ತು. ನಮಗೂ ಅದು ಎಲ್ಲೈತಿ ಅಂತ ತಿಳೀವಲ್ದು. ಮಾಸ್ತರು ನನ್ನ ಕೈ ಹಿಡದಿದ್ರು. ಕಿಟಕಿ ತಗೀರಿ, ಅಂದ್ರು. ಮನ್ಯಾಗ ಅದೀನಿ ಅಂತ ತಿಳದಿದ್ರೋ ಏನೋ. ಬಯಲಾಗ ಮಲಗ್ಯಾರ, ಕಿಟಕಿ ಅಂತಾರ. ನಾ ಏನ ಹೇಳ್ಲಿ? ತಗದೇನ್ರಿ ಮಾಸ್ತರ, ಅಂದೆ. ಇನ್ನೊಂದ ತಗೀರಿ, ಅಂದ್ರು."

ಅಷ್ಟು ಹೇಳಿ ಅವನು ಎದ್ದು ಗುದ್ದಲಿ ಹೆಗಲಿಗೇರಿಸಿದ. ಹೋಗೂಣ ನಡೀರಿ, ಕತ್ತಲಾತು, ಎಂದ. ಟಾರ್ಚ್ ಹಿಡಿದು ಆಕೆಯ ಮುಂದೆ ಮುಂದೆ ನಡೆದು ರಸ್ತೆಯ ತನಕ ಬಿಟ್ಟು, ಬಸ್ಸು ಬರುವ ತನಕ ಸ್ವಲ್ಪ ದೂರದಲ್ಲಿ ನಿಂತಿದ್ದ.

ಅವನು ಅದನ್ನು ಸೇಡಿಗೆ ಹೇಳಿದನೇ ಎಂದು ಸಂಪದಾ ಎಷ್ಟೋ ರಾತ್ರಿ ಕೇಳಿಕೊಂಡಳು. ಅಲ್ಲವೆಂದೇ ಕೊನೆಗೆ ಅನಿಸಿತು. ಆ ಮಾತನ್ನು ಅವನೂ ಒಬ್ಬನೇ ಹೊತ್ತುಕೊಂಡು ತಿರುಗುತ್ತಿದ್ದ. ಹೊಗೆ ತನ್ನದೆಂದು ಗೊತ್ತಾದ ಮೇಲೆ ಅದನ್ನು ಹೊರುವುದು ಅವನಿಂದ ಆಗಲಿಲ್ಲ. ಆದರೂ ಆ ಮಾತು ಕಿವಿಯಿಂದ ಹೋಗಲಿಲ್ಲ. ಬೆಳಿಗ್ಗೆ ಕೋಣೆಯ ಕಿಟಕಿ ತೆಗೆಯಲು ಕೈ ಹಾಕಿ, ತೆಗೆಯದೆ ಅಡುಗೆಮನೆಗೆ ಹೋಗುತ್ತಿದ್ದಳು.

ತುಳಸಾಬಾಯಿಗೆ ಆಕೆ ಏನೂ ಹೇಳಲಿಲ್ಲ. ಯುಗಾದಿಯ ಹೊತ್ತಿಗೆ ಹುಬ್ಬಳ್ಳಿಯಿಂದ ಯಾರೋ ದೂರದ ಸಂಬಂಧಿಕರು ಬಂದಾಗ ಮುದುಕಿ ಮತ್ತೆ ಅದೇ ಹೇಳಿದಳು. ಹೇಳಿ ಸೊಸೆಯ ಕಡೆ ತಿರುಗಿ, "ಹೌದಲ್ಲೇನ ಸಂಪದಾ?" ಎಂದಳು. ಹೌದ್ರಿ ಅತ್ಯಾ, ಎಂದಳು ಸಂಪದಾ. ಅಷ್ಟು ಸಲೀಸಾಗಿ ಸುಳ್ಳು ಬಂತಲ್ಲ ಎಂದು ತನಗೇ ಆಶ್ಚರ್ಯವಾಯಿತು.

ಹಾಲು ಬರುವುದು ಮಾತ್ರ ಹೊಲಕ್ಕೆ ಹೋದ ಆ ಸಂಜೆಯ ಮರುದಿನವೇ ನಿಂತಿತ್ತು. ಎಮ್ಮೆ ಬತ್ತಿದೆ ಎಂದು ಯಾರದೋ ಕೈಯಲ್ಲಿ ಹೇಳಿ ಕಳಿಸಿದ್ದಳು ರೇವವ್ವ. ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಎದುರಾದಾಗ ಸೆರಗು ಮುಂದೆ ಎಳೆದುಕೊಂಡು ಆಚೆ ತಿರುಗಿ ನಿಂತಳು. ಸಂಪದಾ ಹತ್ತಿರ ಹೋಗಿ ಏನೋ ಹೇಳಲು ಬಾಯಿ ತೆರೆದಳು. ರೇವವ್ವ ತಿರುಗದೆಯೇ ಹೇಳಿದಳು, "ಅವರು ಉಣವಲ್ರು. ನಿದ್ದಿ ಮಾಡವಲ್ರು. ಸಮಾಧಾನ ಆತಿಲ್ರಿ ನಿಮಗ?"

ಹೊಳೆಪ್ಪ ಸುಮ್ಮನಿರುವ ಪೈಕಿಯವನಲ್ಲ. ಮಳೆಗಾಲದಲ್ಲಿ ಗ್ರಾಮಸಭೆ ಸೇರಿದಾಗ ಎದ್ದು ನಿಂತು, ಮಾಸ್ತರ ಜೀವ ಹೋದದ್ದು ನನ್ನ ಹೊಲದ ಹೊಗೆಯಿಂದ, ಇನ್ನು ಮುಂದೆ ಹಳ್ಳದ ಏರಿನಲ್ಲಿ ಯಾರೂ ಸಂಜೆ ಬೆಂಕಿ ಹಚ್ಚಬಾರದು ಎಂದುಬಿಟ್ಟ. ಆಮೇಲೆ ಯಾರೋ ಮಂಜು ಅಂದರೆ ಮಂಜು, ಅದಕ್ಕೂ ರವದಿಗೂ ಏನು ಸಂಬಂಧ ಎಂದರು. ಇನ್ನೊಬ್ಬರು, ವಯಸ್ಸಾಯಿತು ಕಾಕಾಗೆ, ಎಂದು ಹೆಗಲು ಹಿಡಿದು ಕೂರಿಸಿದರು. ಸಂಪದಾ ಹೆಂಗಸರ ಸಾಲಿನಿಂದ ಎದ್ದು ಅವನ ಮಾತು ಸರಿಯಿದೆ ಎಂದು ವಿವರಿಸಿದಳು. ಎಲ್ಲರೂ ತಲೆ ಆಡಿಸಿದರು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ಮಾತಿಗೆ ಎದುರು ಆಡಬಾರದೆಂದು ಆಡಿಸಿದರು. ಆಮೇಲೆ ಚರಂಡಿಯ ವಿಷಯ ಬಂತು.

ದಸರೆಯ ಮುಂದೆ ಹೊಳೆಪ್ಪ ಹೊಲವನ್ನು ಈರೇಶನಿಗೆ ಲಾವಣಿಗೆ, ಅಂದರೆ ಗೇಣಿಗೆ, ಹಾಕಿ, ಹೆಂಡತಿಯನ್ನು ಕರೆದುಕೊಂಡು ಕುಂದಗೋಳದ ಕಡೆ ಕುಬಿಹಾಳಕ್ಕೆ ಮಗಳು ಸೌಂದರ್ಯಾಳ ಮನೆಗೆ ಹೋದ. ಅಲ್ಲಿ ಕಪ್ಪು ಮಣ್ಣಿನ ಎರೆಹೊಲ, ಕಣ್ಣು ಹೋದಷ್ಟು ದೂರ ಮಟ್ಟ, ಏರಿಲ್ಲ ಇಳಿಜಾರಿಲ್ಲ, ಹೊಗೆ ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿ ಹೋದನಂತೆ. ಮಟ್ಟದ ನೆಲದಲ್ಲೂ ಮುಚ್ಚಳ ಬೀಳುತ್ತದೆ, ಹೊಗೆ ಹರಿಯುವ ಬದಲು ಇದ್ದಲ್ಲೇ ಮಲಗುತ್ತದೆ ಎನ್ನುವುದು ಸಂಪದಾಳಿಗೆ ಗೊತ್ತಿತ್ತು. ಈ ಸಲ ಯಾರಿಗೂ ಹೇಳಲಿಲ್ಲ.

ಡಿಸೆಂಬರಿನಲ್ಲಿ ಕಬ್ಬು ಕಡಿಯುವ ಗುಂಪು ಬಂದಾಗ ಆಕೆ ಈರೇಶನ ಬಳಿ ಹೋದಳು. ಅವನು ಕುರ್ಚಿ ಹಾಕಿ ಕೂರಿಸಿ, ಚಹಾ ತರಿಸಿ, ಪೂರ್ತಿ ಕೇಳಿದ. ಹಾಗಾದರೆ ಯಾವಾಗ ಹಚ್ಚಬೇಕು ಎಂದು ಕೇಳಿದ. ಮಧ್ಯಾಹ್ನ, ನೆಲ ಕಾದಿರುವಾಗ, ಸ್ವಲ್ಪ ಗಾಳಿ ಇರುವಾಗ, ಆಗ ಹೊಗೆ ಮೇಲೆ ಹೋಗುತ್ತದೆ ಎಂದಳು. ಮಧ್ಯಾಹ್ನ ಹಚ್ಚಿದ್ದಕ್ಕೇ ನನ್ನ ಕಬ್ಬು ಸುಟ್ಟದ್ದಲ್ಲವೇ ಅಕ್ಕಾರ, ಎಂದ ಅವನು, ಸಿಟ್ಟಿಲ್ಲದೆ. ಹಾಗಾದರೆ ಸುಡುವುದೇ ಬೇಡ, ಪುಡಿ ಮಾಡಿ ಸಾಲಿನಲ್ಲೇ ಬಿಡಿ ಎಂದಳು. ಪುಡಿ ಮಾಡುವ ಯಂತ್ರಕ್ಕೆ ಹೇಳಿದ್ದೇನೆ, ಮಾರ್ಚ್ ತನಕ ಪಾಳಿ ಇಲ್ಲ, ಅಷ್ಟರಲ್ಲಿ ಕೂಳೆ ಹೋಗುತ್ತದೆ ಎಂದ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಆಕೆ ಚಹಾ ಕುಡಿದು ಎದ್ದು ಬಂದಳು.

ಜನವರಿಯ ಒಂದು ಬೆಳಿಗ್ಗೆ, ಪ್ರಾಯೋಗಿಕ ಪರೀಕ್ಷೆಯ ತಯಾರಿಗೆಂದು ಆಕೆ ಎಂದಿಗಿಂತ ಮೊದಲಿನ ಬಸ್ಸು ಹತ್ತಿದ್ದಳು. ಊರೊಳಗೆ ತಿಳಿಬಿಸಿಲು. ಇಳಿಜಾರು ಶುರುವಾಗುತ್ತಲೇ ಬಸ್ಸು ಬಿಳುಪಿನೊಳಗೆ ಇಳಿಯಿತು. ಮೊದಲು ಗಾಲಿ, ಆಮೇಲೆ ಸೀಟಿನ ಮಟ್ಟ, ಆಮೇಲೆ ಗಾಜು. ಡ್ರೈವರ್ ಗಾಡಿ ನಿಲ್ಲಿಸಿದ. ಒಳಗೆ ಕೆಮ್ಮು ಶುರುವಾಯಿತು. ಕಂಡಕ್ಟರ್ ಜಾಕೀರ್ ಇದೇನು ಹೊಸದಲ್ಲ ಎನ್ನುವ ಹಾಗೆ ಟಿಕೆಟ್ ಯಂತ್ರವನ್ನು ಕೊರಳಿನಿಂದ ತೆಗೆದು ಸೀಟಿನ ಮೇಲಿಟ್ಟು, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕೆಳಗಿಳಿದ. ಮೊಬೈಲಿನ ದೀಪ ಹಿಡಿದು ಬಸ್ಸಿನ ಮುಂದೆ ನಡೆಯತೊಡಗಿದ. ಆಗಾಗ ಹಿಂದೆ ಸರಿದು ಬಂದು ಬಾನೆಟ್ ಬಡಿದು, ಬಾ, ಬಾ ಎನ್ನುತ್ತಿದ್ದ. ದೀಪ ಕಾಣುತ್ತಿರಲಿಲ್ಲ. ದನಿಯೊಂದೇ ಕೇಳುತ್ತಿತ್ತು. ಆ ದನಿಯನ್ನು ಹಿಡಿದು ಬಸ್ಸು ಸೇತುವೆ ದಾಟಿತು. ಸಂಪದಾ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದು, ಅವನ ದನಿ ನಿಂತುಬಿಟ್ಟರೆ ಎಂದು ಅಷ್ಟನ್ನೇ ಕಾಯುತ್ತ ಕೂತಿದ್ದಳು.

ಏರು ಹತ್ತುತ್ತ ಹತ್ತುತ್ತ ಥಟ್ಟನೆ ಬಿಸಿಲು ಬಂತು. ಜಾಕೀರ್ ಕಣ್ಣೊರೆಸಿಕೊಳ್ಳುತ್ತ ಒಳಗೆ ಹತ್ತಿ, ಉಳಿದವರು ಟಿಕೆಟ್ ತಗೊಳ್ಳಿ ಎಂದ. ಜನ ಮತ್ತೆ ಮಾತಿಗೆ ತೊಡಗಿದರು. ಆಕೆ ಹಿಂದಿನ ಗಾಜಿನಿಂದ ನೋಡಿದಳು. ತಗ್ಗಿನ ತುಂಬ ಬಿಳುಪು ತುಂಬಿಕೊಂಡು, ಮೇಲ್ಮೈ ಗೆರೆ ಎಳೆದ ಹಾಗೆ ಮಟ್ಟವಾಗಿತ್ತು. ಆ ಕಡೆಯ ಇಳಿಜಾರಿನಲ್ಲಿ ಒಂದು ಮೋಟರ್ ಸೈಕಲ್ ಬರುತ್ತಿರುವುದು ಕಂಡಿತು. ಹಿಂದೆ ಒಬ್ಬ ಹೆಣ್ಣುಮಗಳು ಕೂತಿದ್ದಳು. ಬಿಳುಪಿನ ಅಂಚಿಗೆ ಬಂದಾಗ ಗಾಡಿ ಒಂದಿಷ್ಟು ನಿಧಾನಿಸಿತು, ಆಮೇಲೆ ಒಳಗೆ ಹೋಯಿತು. ಅದು ಈಚೆಗೆ ಬರುವುದನ್ನು ನೋಡುವ ಮೊದಲೇ ಬಸ್ಸು ತಿರುವು ದಾಟಿತು.